ಬ್ರೇಕ್ ಒತ್ತುವ ಡಿಫರೆನ್ಷಿಯಲ್, ಬಲ ದಾಟಿಸುವ ಡಿಫರೆನ್ಷಿಯಲ್

ಪ್ರಶ್ನೆ: ಹಾಸನದವನಾದ ನಾನು ಈಗ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಉದ್ಯೋಗದಲ್ಲಿದ್ದೇನೆ. 2018ರ ನಂತರದ ಫೋರ್ಡ್ ಫಿಯೆಸ್ಟಾ ಎಸ್‌ಟಿ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದೇನೆ. ಕೆಲವು ಕಾರುಗಳಲ್ಲಿ ಕ್ವೈಫ್ ಕಂಪನಿಯ ಮೆಕ್ಯಾನಿಕಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ; ಅದಿಲ್ಲದ ಕಾರುಗಳಲ್ಲಿ ಎಲೆಕ್ಟ್ರಾನಿಕ್ಸ್ ಅದೇ ಕೆಲಸ ಮಾಡುತ್ತದೆ ಎನ್ನುತ್ತಾರೆ ಮಾರುವವರು. ಇದು ನಿಜವೇ? ಆಗಾಗ ಟ್ರ್ಯಾಕ್‌ಗೆ ಹೋಗುವ ಆಸೆಯೂ ಇದೆ.

ಉತ್ತರ: ಉದ್ದೇಶ ಒಂದೇ, ದಾರಿ ಬೇರೆ: ಕ್ವೈಫ್‌ನದು ಹೆಲಿಕಲ್ (ಓರೆ ಹಲ್ಲಿನ) ಗಿಯರ್‌ಗಳ ಮೂಲಕ ಬಲವನ್ನು ಹಿಡಿತವಿರುವ ಚಕ್ರಕ್ಕೆ ದಾಟಿಸುತ್ತದೆ, ಎಲೆಕ್ಟ್ರಾನಿಕ್ಸ್ ಜಾರುವ ಚಕ್ರದ ಬ್ರೇಕ್ ಒತ್ತುತ್ತದೆ. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗಿಯರ್ ಜೋಡಣೆಯೇ ಡಿಫರೆನ್ಷಿಯಲ್; ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ತಿರುವಿನಲ್ಲಿ ಕಾರಿನ ಭಾರ ಹೊರಚಕ್ರದ ಮೇಲೆ ಬೀಳುವುದರಿಂದ ಒಳಚಕ್ರದ ಹಿಡಿತ ಕಡಿಮೆಯಾಗುತ್ತದೆ. ಅದು ತಡೆದುಕೊಳ್ಳುವಷ್ಟೇ ಟಾರ್ಕ್ ಹೊರಚಕ್ರಕ್ಕೂ ಸಿಗುತ್ತದೆ, ಉಳಿದ ಶಕ್ತಿ ಒಳಚಕ್ರವನ್ನು ಸುಮ್ಮನೆ ತಿರುಗಿಸುವುದರಲ್ಲಿ ಕಳೆದುಹೋಗುತ್ತದೆ.

ಒಳಚಕ್ರ 300 ನ್ಯೂಟನ್ ಮೀಟರ್, ಹೊರಚಕ್ರ 900 ನ್ಯೂಟನ್ ಮೀಟರ್ ತಡೆಯಬಲ್ಲದು ಎಂದಿಟ್ಟುಕೊಳ್ಳಿ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ನೆಲಕ್ಕೆ ಮುಟ್ಟುವುದು ಒಟ್ಟು 600 ಮಾತ್ರ. ಎರಡೂವರೆ ಪಟ್ಟು ವ್ಯತ್ಯಾಸವನ್ನು ಅನುಮತಿಸುವ ಹೆಲಿಕಲ್ ಗಿಯರ್ ಡಿಫರೆನ್ಷಿಯಲ್ ಇದ್ದರೆ ಹೊರಚಕ್ರಕ್ಕೆ 750ರವರೆಗೆ ದಾಟಿ, ಒಟ್ಟು 1050 ಆಗುತ್ತದೆ. ಬ್ರೇಕ್ ಆಧಾರಿತ ವ್ಯವಸ್ಥೆ ಇದೇ 1050ನ್ನು ಮುಟ್ಟಬೇಕಾದರೆ ಒಳಚಕ್ರದ ಬ್ರೇಕನ್ನು 450ರಷ್ಟು ಒತ್ತಿ ಹಿಡಿಯಬೇಕು, ಅದಕ್ಕಾಗಿ ಡಿಫರೆನ್ಷಿಯಲ್‌ಗೆ ಎಂಜಿನ್ ಕಡೆಯಿಂದ (ಗಿಯರ್‌ಗಳು ಹೆಚ್ಚಿಸಿದ ಮೇಲೆ) 1500 ಬರಬೇಕು, ಮತ್ತು ಬ್ರೇಕ್ ಹಿಡಿದಿಟ್ಟ ಪಾಲೆಲ್ಲ ಪ್ಯಾಡು, ಡಿಸ್ಕುಗಳಲ್ಲಿ ಶಾಖವಾಗುತ್ತದೆ. ನಿಮ್ಮ ಪ್ರಶ್ನೆಯ ತಿರುಳು ಈ ಶಾಖದಲ್ಲಿದೆ. ಊರಿನ ರಸ್ತೆಯಲ್ಲಿ, ಮಳೆಯಲ್ಲಿ ವೃತ್ತ ದಾಟುವಾಗ ಅದು ಕ್ಷಣಮಾತ್ರದ ಮಾತಾದ್ದರಿಂದ ಲೆಕ್ಕಕ್ಕೇ ಬರುವುದಿಲ್ಲ. ಟ್ರ್ಯಾಕ್‌ನಲ್ಲಿ ಹಾಗಲ್ಲ: ನೇರದಾರಿಯ ಕೊನೆಯಲ್ಲಿ ವೇಗ ಇಳಿಸಲು ದುಡಿದು ಕಾದಿರುವ ಅದೇ ಮುಂದಿನ ಬ್ರೇಕುಗಳು, ತಿರುವಿನಿಂದ ಹೊರಬರುವಾಗ ಮತ್ತೆ ದುಡಿಯಬೇಕಾಗುತ್ತದೆ. ಪ್ಯಾಡುಗಳು ಬೇಗ ಸವೆಯುತ್ತವೆ. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟಕ್ಕೆ ಕಾರು ಮುಂದೆ ಹೋಗುವುದೂ ಇಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ‘ಎಲೆಕ್ಟ್ರಾನಿಕ್’ ಎಂಬ ಹೆಸರಿನಡಿ ಎರಡು ಬೇರೆ ಬೇರೆ ಯಂತ್ರಗಳನ್ನು ಮಾರುತ್ತಾರೆ. ಫೋಕ್ಸ್‌ವ್ಯಾಗನ್‌ನ ಎಕ್ಸ್‌ಡಿಎಸ್, ಫೋರ್ಡ್‌ನ ಟಾರ್ಕ್ ವೆಕ್ಟರಿಂಗ್ ಕಂಟ್ರೋಲ್ ಇವು ಬ್ರೇಕ್ ಒತ್ತುವ ಜಾತಿಯವು. ಗಾಲ್ಫ್ ಜಿಟಿಐನ ವಿಎಕ್ಯೂ ಹಾಗಲ್ಲ. ಅದರಲ್ಲಿ ಕಂಪ್ಯೂಟರ್ ನಿಯಂತ್ರಿಸುವ ನಿಜವಾದ ಕ್ಲಚ್ ಪ್ಲೇಟುಗಳಿದ್ದು, ಅವು ಟಾರ್ಕನ್ನು ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಭಾರತದಲ್ಲಿ 2020ರಲ್ಲಿ 200 ಮಾತ್ರ ಮಾರಾಟಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245ರಲ್ಲಿ ಇದ್ದದ್ದೂ ಇದೇ. ಇದನ್ನು ನಾನು ಬ್ರೇಕ್ ಆಧಾರಿತ ವ್ಯವಸ್ಥೆಗಳ ಸಾಲಿಗೆ ಸೇರಿಸಲಾರೆ.

ಹೆಲಿಕಲ್ ಗಿಯರ್ ವ್ಯವಸ್ಥೆಗೂ ಒಂದು ಮಿತಿಯಿದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ತೇಲಿದರೆ ಅದರ ಹಿಡಿತ ಸೊನ್ನೆ. ಸೊನ್ನೆಯ ಎರಡೂವರೆ ಪಟ್ಟೂ ಸೊನ್ನೆಯೇ. ಆಗ ಕಾರನ್ನು ಕಾಪಾಡುವುದು ಬ್ರೇಕ್ ಒತ್ತುವ ಎಲೆಕ್ಟ್ರಾನಿಕ್ಸೇ. ಕ್ವೈಫ್ ಇರುವ ಫಿಯೆಸ್ಟಾದಲ್ಲೂ ಫೋರ್ಡ್ ಟಾರ್ಕ್ ವೆಕ್ಟರಿಂಗನ್ನು ತೆಗೆದುಹಾಕದೆ ಎರಡನ್ನೂ ಜೊತೆಗೂಡಿಸಿದ್ದು ಬಹಳ ಒಳ್ಳೆಯ ನಿರ್ಧಾರ ಎಂದು ನಾನು ಭಾವಿಸುತ್ತೇನೆ. ರ‍್ಯಾಲಿಗಳಲ್ಲಿ ಬಳಸುವ, ಕ್ಲಚ್ ಪ್ಲೇಟುಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಈ ಮಿತಿಯಿಲ್ಲ, ಆದರೆ ಅದರ ಪ್ಲೇಟುಗಳು ಸವೆಯುತ್ತವೆ, ಎಣ್ಣೆಯನ್ನು ಮೇಲಿಂದ ಮೇಲೆ ಬದಲಿಸಬೇಕು, ನಿಧಾನಗತಿಯ ತಿರುವಿನಲ್ಲಿ ಸದ್ದೂ ಮಾಡುತ್ತದೆ. ದಿನಬಳಕೆಯ ಕಾರಿಗೆ ಅದು ಬೇಡ.

200 ಅಶ್ವಶಕ್ತಿ, 290 ನ್ಯೂಟನ್ ಮೀಟರ್ ಟಾರ್ಕನ್ನು ಮುಂದಿನ ಎರಡೇ ಚಕ್ರಗಳಿಗೆ ಕೊಡುವ ಈ ಕಾರಿನಲ್ಲಿ ಟ್ರ್ಯಾಕ್‌ಗೂ ಹೋಗುವವರು ಕ್ವೈಫ್ ಇರುವುದನ್ನೇ ಹುಡುಕಬೇಕು. ಅದು ಪರ್ಫಾರ್ಮೆನ್ಸ್ ಪ್ಯಾಕ್‌ನ ಭಾಗವಾಗಿ, ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಚಕ್ರ ಜಾರದಂತೆ ವೇಗವಾಗಿ ಹೊರಡಿಸುವ ವ್ಯವಸ್ಥೆ) ಹಾಗೂ ಗಿಯರ್ ಬದಲಿಸಲು ಸೂಚಿಸುವ ದೀಪಗಳ ಜೊತೆಗೆ ಬರುತ್ತಿತ್ತು. ಆದ್ದರಿಂದ ಡ್ಯಾಶ್‌ಬೋರ್ಡಿನ ಮೆನುವಿನಲ್ಲಿ ಲಾಂಚ್ ಕಂಟ್ರೋಲ್ ಇದೆಯೇ ಎಂದು ನೋಡಿ, ಆಮೇಲೆ ದಾಖಲೆಗಳಲ್ಲಿ ಖಚಿತಪಡಿಸಿಕೊಳ್ಳಿ. ಉಬ್ಬುತಗ್ಗಿನ ಹಳ್ಳಿರಸ್ತೆಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಟಿಯರಿಂಗ್ ಅತ್ತಿತ್ತ ಎಳೆಯುವುದು ದೋಷವಲ್ಲ, ಈ ಯಂತ್ರದ ಸ್ವಭಾವ. ಕಾರು ಕೊಳ್ಳುವ ಮೊದಲು ಅಂಥ ರಸ್ತೆಯಲ್ಲಿ ಓಡಿಸಿ ನೋಡುವುದು ಒಳ್ಳೆಯದು.

ಪ್ರಶ್ನೆ: ಯುರೋಪಿನ ಹ್ಯುಂಡೈ ಐ20 ಎನ್ ಕಾರಿನ ಎಲ್‌ಎಸ್‌ಡಿಯನ್ನು (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ತರಿಸಿ ಶಿವಮೊಗ್ಗದಲ್ಲಿರುವ ನನ್ನ ಐ20 ಎನ್ ಲೈನ್‌ಗೆ ಹಾಕಿಸಬಹುದೇ?

ಉತ್ತರ: ಬೇಡ. ಹೆಸರು ಹತ್ತಿರವಾದರೂ ಅದು 1.6 ಲೀಟರ್ ಟರ್ಬೊ ಎಂಜಿನ್ನಿನ, 204 ಅಶ್ವಶಕ್ತಿಯ ಕಾರು. ನಿಮ್ಮದು 1 ಲೀಟರ್ ಟರ್ಬೊ, 120 ಅಶ್ವಶಕ್ತಿ, 172 ನ್ಯೂಟನ್ ಮೀಟರ್. ಇಂಥ ಕಾರುಗಳಲ್ಲಿ ಡಿಫರೆನ್ಷಿಯಲ್ ಗಿಯರ್‌ಬಾಕ್ಸ್‌ನ ಒಳಗೇ ಇರುವುದರಿಂದ ಗಿಯರ್‌ಬಾಕ್ಸನ್ನು ಇಳಿಸಿ ಬಿಚ್ಚಬೇಕು, ಬೇರಿಂಗ್, ಗಿಯರ್ ಹಲ್ಲು, ಆಕ್ಸಲ್‌ನ ತುದಿ ಎಲ್ಲವೂ ಹೊಂದಬೇಕು, ವಾರಂಟಿಯೂ ಕೈತಪ್ಪಬಹುದು. 172 ನ್ಯೂಟನ್ ಮೀಟರ್‌ಗೆ ಒಳಚಕ್ರ ಪದೇ ಪದೇ ಜಾರುತ್ತಿದ್ದರೆ ಮೊದಲು ಟಯರ್ ಎಷ್ಟು ಸವೆದಿದೆ, ಗಾಳಿ ಸರಿಯಿದೆಯೇ ಎಂದು ಪರೀಕ್ಷಿಸಿ. ಅದೇ ಹಣದಲ್ಲಿ ಉತ್ತಮ ದರ್ಜೆಯ ನಾಲ್ಕು ಹೊಸ ಟಯರುಗಳನ್ನು ಹಾಕಿಸಿಕೊಂಡರೆ ಆಗುಂಬೆ ಘಾಟಿಯ ಒದ್ದೆ ತಿರುವುಗಳಲ್ಲಿ ಹಿಡಿತದ ಜೊತೆಗೆ ಬ್ರೇಕಿಂಗೂ ಸುಧಾರಿಸುತ್ತದೆ. ಎಲ್‌ಎಸ್‌ಡಿಯಿಂದ ಆ ಎರಡನೆಯ ಲಾಭ ಸಿಗದು.