ಡ್ರಮ್ಮಿನಲ್ಲಿ ಹಂದಿ ಮಾಂಸಕ್ಕೆ ಹೊಗೆ ಹಾಕಲು ಯಾವ ಸೌದೆ?

ಸಕಲೇಶಪುರದ ಅಣ್ಣ ಕೇಳಿದ್ದು ಇಷ್ಟು: 200 ಲೀಟರ್ ಡ್ರಮ್ಮಲ್ಲಿ ಸ್ಮೋಕರ್ ಮಾಡಿಕೊಂಡಿದ್ದಾರೆ, ತೋಟದಲ್ಲಿ ಸಿಲ್ವರ್ ಓಕ್, ಕಿತ್ತ ಕಾಫಿ ಬೊಡ್ಡೆ, ತೆಂಗಿನ ಚಿಪ್ಪು ಮೂರೂ ಬಿದ್ದಿವೆ, ವಿಡಿಯೋಗಳಲ್ಲಿ ನೋಡಿದರೆ ಎಲ್ಲರೂ ಓಕ್, ಹಿಕರಿ ಮರದ ಸೌದೆ ಅಂತಾರೆ, ಆನ್‌ಲೈನಲ್ಲಿ ಅದರ ಚಿಪ್ಸ್ (ಮರದ ಚಕ್ಕೆ) ತರಿಸಬೇಕಾ? ಬೇಡ ಅಣ್ಣ. ಕಾಫಿ ಸೌದೆ ಮನೆ ಹಿಂದೆ ಬಿದ್ದಿರುವಾಗ ಹಿಕರಿಗೆ ಯಾಕೆ ದುಡ್ಡು ಕೊಡ್ತೀರಿ.

ಮೊದಲು ಸಿಲ್ವರ್ ಓಕ್ ವಿಷಯ ಮುಗಿಸಿಬಿಡೋಣ. ಹೆಸರಲ್ಲಿ ಓಕ್ ಇದೆ ಅಷ್ಟೇ. ವಿಡಿಯೋದವರು ಹೇಳುವ ಓಕ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಇದು ಆಸ್ಟ್ರೇಲಿಯಾದ ಗ್ರೆವಿಲಿಯಾ, ನಾವು ಮೆಣಸಿನ ಬಳ್ಳಿ ಹಬ್ಬಿಸಲು, ನೆರಳಿಗೆ ಅಂತ ಹಾಕಿಕೊಂಡಿದ್ದು. ಇದನ್ನು ಕೊಯ್ಯುವಾಗ ಬರುವ ಪುಡಿ ತಾಗಿ ಕೆಲವರಿಗೆ ಮೈಯೆಲ್ಲ ತುರಿಕೆ ಆಗುತ್ತದೆ. ಅಂಥದ್ದರ ಹೊಗೆಯನ್ನು ಊಟಕ್ಕೆ ಯಾಕೆ ಹಿಡಿಸಬೇಕು? ಮರಗಸಿಯಲ್ಲಿ (ನೆರಳು ಮರದ ಕೊಂಬೆ ಕಡಿಯುವಾಗ) ಬಿದ್ದ ಸಿಲ್ವರ್ ಓಕ್ ಬಚ್ಚಲ ಹಂಡೆಗೆ ಹಾಕಿ, ಸ್ನಾನಕ್ಕೆ ನೀರು ಕಾಯಲಿ.

ಕಾಫಿ ಸೌದೆ ಗಟ್ಟಿ, ನಿಧಾನಕ್ಕೆ ಉರಿಯುತ್ತದೆ, ಅಂಟು ಇಲ್ಲ. ಹೊಗೆ ಖಾರ ಆಗುವುದಿಲ್ಲ. ಆದರೆ ಯಾವ ಗಿಡದ ಬೊಡ್ಡೆ ಅಂತ ನೋಡಿಕೊಳ್ಳಿ. ಅರೇಬಿಕಾ ಗಿಡ ಕಿತ್ತಿದ್ದಾರೆ ಅಂದರೆ ಸುಮಾರಾಗಿ ಬಿಳಿ ಕಾಂಡಕೊರಕ ಹಿಡಿದೇ ಕಿತ್ತಿರುತ್ತಾರೆ, ಅದಕ್ಕೆ ಮುಂಚೆ ಕಾಂಡಕ್ಕೆ ಔಷಧಿ ಹೊಡೆದಿರುತ್ತಾರೆ. ಅದು ಬೇಡ. ರೊಬಸ್ಟಾಗೆ ಆ ಹುಳದ ಕಾಟ ಇಲ್ಲದ ಕಾರಣ ಆ ಔಷಧಿಯೂ ಸಾಮಾನ್ಯವಾಗಿ ಕಾಂಡಕ್ಕೆ ಬಿದ್ದಿರುವುದಿಲ್ಲ, ಹಾಗಾಗಿ ರೊಬಸ್ಟಾ ಬೊಡ್ಡೆಯೇ ಒಳ್ಳೆಯದು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ತೋಟವಾದರೆ ಸಣ್ಣ ರೆಕ್ಕೆ (ಕೊಂಬೆ) ಬಿಟ್ಟು ದಪ್ಪ ಕಾಂಡ ತಗೊಳ್ಳಿ, ತೊಗಟೆ ಕೆತ್ತಿ ತೆಗೀರಿ. ತೊಗಟೆ ಹೋದರೆ ಬೇಗ ಒಣಗುತ್ತದೆ ಕೂಡ.

ಇನ್ನು ಒಣಗಿಸುವುದು. ನನ್ನ ಪ್ರಕಾರ ಯಾವ ಮರ ಅನ್ನುವುದಕ್ಕಿಂತ ಎಷ್ಟು ಒಣಗಿದೆ ಅನ್ನುವುದೇ ಜಾಸ್ತಿ ಮುಖ್ಯ. ನಾನು ಎರಡು ವರ್ಷದ ಹಿಂದೆ ನಮ್ಮ ಕೊಡಗಿನ ಕೈಲ್ ಪೊಳ್ದ್ ಹಬ್ಬಕ್ಕೆ ಅಂತ ಮಳೆಗಾಲದಲ್ಲಿ ಕಡಿದ ಕಾಫಿ ಸೌದೆಯನ್ನೇ ತುಂಬಿದ್ದೆ. ಬಿಳೀ ದಟ್ಟ ಹೊಗೆ ನೋಡಿ ಖುಷಿಯೋ ಖುಷಿ. ನಾಲ್ಕು ಗಂಟೆ ಬಿಟ್ಟು ಮುಚ್ಚಳ ತೆಗೆದರೆ ಮಾಂಸ ಕಪ್ಪಗೆ ಮಿಂಚುತ್ತಿತ್ತು, ಬೆರಳಿಟ್ಟರೆ ಅಂಟುತ್ತಿತ್ತು. ಅತ್ತೆ ಒಂದು ಚೂರು ಬಾಯಿಗಿಟ್ಟು "ಇದೇನು, ಡಾಂಬರು ಹಚ್ಚಿದ್ದೀಯಾ?" ಅಂದರು. ನಾಲಿಗೆ ಸಂಜೆವರೆಗೂ ಜೋಮು. ಮೂರು ಕೆಜಿ ಹಂದಿ ನಾಯಿಗೂ ಬೇಡವಾಯಿತು.

ಹಸಿ ಸೌದೆಯಲ್ಲಿ ಬೆಂಕಿಯ ಶಾಖವೆಲ್ಲ ನೀರು ಆರಿಸುವುದರಲ್ಲೇ ಹೋಗುತ್ತದೆ, ಸರಿಯಾಗಿ ಉರಿಯದ ಹೊಗೆ ಟಾರಿನ ಹಾಗೆ ಮಾಂಸಕ್ಕೆ ಮೆತ್ತಿಕೊಳ್ಳುತ್ತದೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. "ಟಣ್" ಅಂದರೆ ಒಣಗಿದೆ, "ದಬ್" ಅಂದರೆ ಇನ್ನೂ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಸೀಳಿ, ಮಳೆ ಬೀಳದ ಗಾಳಿ ಆಡುವ ಜಾಗದಲ್ಲಿ ಆರು ತಿಂಗಳಾದರೂ ಇಡಿ. ಚಿಪ್ಸ್ ನೀರಲ್ಲಿ ನೆನೆಹಾಕಿ ಅಂತ ಹೇಳುವವರ ಮಾತು ಕೇಳಬೇಡಿ, ಒಣಗಿಸಿದ್ದನ್ನು ಯಾರಾದರೂ ಮತ್ತೆ ನೆನೆಸ್ತಾರಾ?

ತೆಂಗಿನ ಚಿಪ್ಪು ಹೊಗೆಗೆ ಬೇಡ, ಕೆಂಡಕ್ಕೆ ಇಟ್ಟುಕೊಳ್ಳಿ. ಜೋರಾಗಿ ಉರಿದು ಬೇಗ ಆರುತ್ತದೆ, ಮೊದಲ ಹೊಗೆ ತುಂಬಾ ಖಾರ. ಬೇರೆ ಕಡೆ ಪೂರ್ತಿ ಉರಿಸಿ, ಜ್ವಾಲೆ ಇಳಿದು ಮೇಲೆ ಬೂದಿ ಕಟ್ಟಿದ ಮೇಲೆ ಡ್ರಮ್ಮಿಗೆ ಹಾಕಿ. ಬಿಸಿ ಅದರಿಂದ ಬರಲಿ, ಹೊಗೆ ಕಾಫಿ ಸೌದೆಯಿಂದ ಬರಲಿ. ಮೂರು ಕೆಜಿ ಮಾಂಸಕ್ಕೆ ಮುಷ್ಟಿ ಗಾತ್ರದ ಮೂರೋ ನಾಲ್ಕೋ ತುಂಡು ಸಾಕು, ಅದೂ ಒಂದೊಂದಾಗಿ, ಮೊದಲ ಎರಡು ಗಂಟೆ. ಮಾಂಸ ತಣ್ಣಗೆ, ಹಸಿಯಾಗಿ ಇರುವಾಗಲೇ ಹೊಗೆ ಚೆನ್ನಾಗಿ ಹಿಡಿಯುವುದು, ಆಮೇಲೆ ಬರೀ ಕೆಂಡದಲ್ಲಿ ಬೇಯಲಿ. ಡ್ರಮ್ಮಿನ ಒಳಗೆ 110 ಡಿಗ್ರಿ ಆಸುಪಾಸು ಇಟ್ಟುಕೊಳ್ಳಿ. ಕೊಬ್ಬು ನೇರ ಕೆಂಡದ ಮೇಲೆ ತೊಟ್ಟಿಕ್ಕಲು ಬಿಡಬೇಡಿ, ಕೆಳಗೆ ಒಂದು ತಟ್ಟೆ ಇಡಿ. ಆ ಸುಟ್ಟ ಕೊಬ್ಬಿನ ಹೊಗೆಯೇ ಆರೋಗ್ಯಕ್ಕೆ ಕೆಟ್ಟದ್ದು.

ಹೊಗೆ ಸರಿ ಇದೆಯಾ ಅಂತ ನೋಡಬೇಕಾದರೆ ಹೊಗೆ ಕೊಳವೆ ಮೇಲೆ ಸ್ಟೀಲ್ ತಟ್ಟೆ ಐದು ನಿಮಿಷ ಹಿಡಿಯಿರಿ. ತೆಳ್ಳಗೆ ಹಳದಿ ಬಣ್ಣ ಕೂತರೆ ಸರಿ. ಕಂದು ಬಣ್ಣದ ಜಿಗುಟು ಬಂದರೆ ಗಾಳಿ ಕಿಂಡಿ ಇನ್ನಷ್ಟು ತೆಗೆಯಿರಿ. ಕಣ್ಣಿಗೆ ಕಂಡೂ ಕಾಣದ ಹಾಗೆ ನೀಲಿ ಹೊಗೆ ಬರಬೇಕು.

ಕಾಫಿ ಇಲ್ಲದವರಿಗೆ ಸೀಬೆ ಮರ ತುಂಬಾ ಚೆನ್ನ, ಹಲಸು, ಹುಣಸೆಯೂ ನಡೆಯುತ್ತದೆ. ನೀಲಗಿರಿ ಬೇಡ, ಎಣ್ಣೆ ವಾಸನೆ. ಗೇರು, ಮತ್ತೆ ಹಾಲು ತಾಗಿದರೆ ಬೊಬ್ಬೆ ಬರುವ ಗೇರು ಜಾತಿಯ ಕಾಡುಮರ ಹತ್ತಿರವೂ ತರಬೇಡಿ. ಕಣಗಿಲೆ ಅಂತೂ ವಿಷ. ಪ್ಲೈವುಡ್, ಬಣ್ಣ ಹಚ್ಚಿದ ಹಳೆ ಕಿಟಕಿ, ಪ್ಯಾಕಿಂಗ್ ಪೆಟ್ಟಿಗೆ ಯಾವುದೂ ಬೇಡ. ಬೆಂಕಿ ಹಚ್ಚಲು ಸೀಮೆಎಣ್ಣೆ ಸುರಿಯುವವರು ಇದ್ದಾರೆ, ಅವರ ಮನೆ ಊಟ ನನಗೆ ಬೇಡ.

ಇನ್ನೊಬ್ಬರು ಕೊಡಗಿನಲ್ಲಿ ಅಜ್ಜಿ ಮಾಂಸವನ್ನು ಒಲೆ ಮೇಲೆ ಕಟ್ಟಿ ತಿಂಗಳುಗಟ್ಟಲೆ ಇಡುತ್ತಿದ್ದರು ಅಂತ ಬರೆದಿದ್ದಾರೆ. ನಿಜ, ನಮ್ಮ ಮನೆಯಲ್ಲೂ ಇತ್ತು. ಆದರೆ ಅಲ್ಲಿ ಉಪ್ಪು ಸವರಿದ ಸಣ್ಣ ತುಂಡುಗಳು, ಒಲೆಯಿಂದ ಎಷ್ಟೋ ಮೇಲೆ, ದಿನಗಟ್ಟಲೆ ಒಣಗಿ ಕಟ್ಟಿಗೆ ಆಗುತ್ತಿದ್ದವು. ನಿಮ್ಮ ಡ್ರಮ್ಮಿನ ಮಾಂಸ ಒಳಗೆ ಹಸಿಯಾಗಿಯೇ ಇರುತ್ತದೆ, ಹೊಗೆ ಹಿಡಿದ ಮಾತ್ರಕ್ಕೆ ಕೆಡದೆ ಉಳಿಯುವುದಿಲ್ಲ. ಥರ್ಮಾಮೀಟರ್ ಚುಚ್ಚಿ ನೋಡಿ, ನಡುವೆ 70 ಡಿಗ್ರಿ ದಾಟಲಿ, ಕೋಳಿಯಾದರೆ 74. ತಣ್ಣಗಾದ ಮೇಲೆ ಫ್ರಿಜ್ಜಿಗೆ ಇಟ್ಟು ಮೂರು ದಿನದಲ್ಲಿ ಮುಗಿಸಿ.