ಅಧಿಕಾರ ಎಲ್ಲೆಲ್ಲೂ ಇದ್ದರೆ ಎದುರಿಸುವುದು ಹೇಗೆ?

ಫ್ರೆಂಚ್ ಚಿಂತಕ ಮಿಶೆಲ್ ಫುಕೋ ಪ್ರಕಾರ ಅಧಿಕಾರ ಎಲ್ಲ ಕಡೆ ಇದೆ, ಜ್ಞಾನವೂ ಅದರ ಜೊತೆಗೇ ಬೆಳೆದದ್ದು. ಹಾಗಿದ್ದ ಮೇಲೆ ಪ್ರತಿರೋಧಕ್ಕೆ ಜಾಗವೆಲ್ಲಿ ಅಂತ ಕೇಳಿದ್ದೀರಿ. ಜಾಗ ಇದೆ. ಅದು ಫುಕೋ ಬರೆದದ್ದಕ್ಕಿಂತ ಅವರು ಮಾಡಿದ ಕೆಲಸದಲ್ಲಿ ಜಾಸ್ತಿ ಸ್ಪಷ್ಟವಾಗಿ ಕಾಣುತ್ತದೆ ಅಂತ ನನಗನ್ನಿಸುತ್ತದೆ.

ಮೊದಲು ಬರೆದದ್ದನ್ನು ನೋಡೋಣ. ಸೆರೆಮನೆಯ ಹುಟ್ಟಿನ ಬಗ್ಗೆ ಅವರ ಪುಸ್ತಕ ಬಂದದ್ದು 1975ರಲ್ಲಿ. ಅದು 1757ರ ಪ್ಯಾರಿಸ್‌ನಿಂದ ಶುರುವಾಗುತ್ತದೆ. ದೊರೆ ಹದಿನೈದನೇ ಲೂಯಿಗೆ ಚಾಕು ಹಾಕಿದ ದಾಮಿಯೆನ್ ಎಂಬಾತನನ್ನು ಜನರ ಕಣ್ಣೆದುರೇ ಹಿಂಸಿಸಿ, ಕುದುರೆಗಳಿಂದ ಎಳೆಸಿ ಕೊಲ್ಲುತ್ತಾರೆ. ಅದರ ಬೆನ್ನಿಗೇ ಸುಮಾರು 80 ವರ್ಷಗಳ ನಂತರದ ಒಂದು ವೇಳಾಪಟ್ಟಿ ಬರುತ್ತದೆ. ಪ್ಯಾರಿಸ್‌ನ ಎಳೆಯ ಕೈದಿಗಳದ್ದು. ಚಳಿಗಾಲದಲ್ಲಿ 6ಕ್ಕೆ, ಬೇಸಿಗೆಯಲ್ಲಿ 5ಕ್ಕೆ ಏಳಬೇಕು. ದಿನಕ್ಕೆ 9 ಗಂಟೆ ದುಡಿಮೆ. ಮೊದಲ ಸಲ ಡೋಲು ಬಡಿದಾಗ ಮಾತಾಡದೆ ಎದ್ದು ಬಟ್ಟೆ ಹಾಕಿಕೊಳ್ಳಬೇಕು, ಎರಡನೇ ಸಲಕ್ಕೆ ಹಾಸಿಗೆ ಸರಿಮಾಡಬೇಕು, ಮೂರನೇ ಸಲಕ್ಕೆ ಸಾಲು ನಿಲ್ಲಬೇಕು.

ಶಿಕ್ಷೆ ಮೃದುವಾಯಿತಲ್ಲ, ಒಳ್ಳೆಯದೇ ಆಯಿತು ಅಂತ ನಮಗನ್ನಿಸುತ್ತದೆ. ಆದರೆ ದೇಹವನ್ನು ಸೀಳುವುದಕ್ಕೆ ಮನುಷ್ಯನ ಸ್ವಭಾವ ಗೊತ್ತಿರಬೇಕಾಗಿಲ್ಲ. ಅವನನ್ನು ತಿದ್ದುವುದಕ್ಕೆ ಗೊತ್ತಿರಲೇಬೇಕು. ಹಾಗಾಗಿ ಪ್ರತಿ ಕೈದಿಯ ಬಗ್ಗೆ ಕಡತ ಹುಟ್ಟುತ್ತದೆ. ವೈದ್ಯರು, ಮೇಷ್ಟರು, ಮನೋವೈದ್ಯರು ಬರೆಯಲು ಕೂರುತ್ತಾರೆ. ನೀನು ಏನು ಮಾಡಿದೆ ಎಂಬ ಪ್ರಶ್ನೆಯ ಜೊತೆಗೆ ನೀನು ಎಂಥವನು ಎಂಬ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಗೊತ್ತಿದ್ದವರ ಕೈಯಲ್ಲಿ ಅಧಿಕಾರ ಇರುತ್ತದೆ ಎಂದಷ್ಟೇ ಫುಕೋವನ್ನು ವಿವರಿಸುವವರು ಇದನ್ನೇ ಬಿಟ್ಟುಬಿಡುತ್ತಾರೆ. ಇಲ್ಲಿ ಅಧಿಕಾರ ನಡೆಯುತ್ತಾ ನಡೆಯುತ್ತಾ ಹೊಸ ಜ್ಞಾನ ಹುಟ್ಟುತ್ತದೆ, ಆ ಜ್ಞಾನ ಒಂದು ಹೊಸ ಬಗೆಯ ಮನುಷ್ಯನನ್ನೇ ಗುರುತು ಹಾಕಿ ನಿಲ್ಲಿಸುತ್ತದೆ.

ಫುಕೋ ಆ ಪುಸ್ತಕದಲ್ಲಿ ನಮ್ಮ ದೇಶದ ವಿಷಯಕ್ಕೆ ಬರಲಿಲ್ಲ. ಆದರೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ನೋಡಿದರೆ ಅವರ ಮಾತು ಮೈಗೆ ತಾಗುತ್ತದೆ. ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿಗೆ ಸೇರಿಸಿತು. ಹೆಸರು ನೋಂದಣಿ, ಹಾಜರಿ, ಊರು ಬಿಡಲು ಪಾಸು. ಹುಬ್ಬಳ್ಳಿಯಲ್ಲೂ ಇಂಥವರನ್ನು ಇಡುವ ಸೆಟ್ಲ್‌ಮೆಂಟ್ ಇತ್ತು. ಏನೂ ಮಾಡದ ಮಗು ಕೂಡ ಆ ಪಟ್ಟಿಯ ನೆರಳಲ್ಲೇ ಹುಟ್ಟುತ್ತಿತ್ತು. ಕಾಯ್ದೆ 1952ರಲ್ಲಿ ಹೋಯಿತು, ಆ ಸಮುದಾಯಗಳ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1971ರ ಫೆಬ್ರುವರಿಯಲ್ಲಿ, ಅಂದರೆ ಆ ಪುಸ್ತಕಕ್ಕಿಂತ ಮೊದಲೇ, ಫುಕೋ ಇನ್ನೂ ಕೆಲವರ ಜೊತೆ ಸೇರಿ ಸೆರೆಮನೆಗಳ ಬಗ್ಗೆ ಮಾಹಿತಿ ಕಲೆಹಾಕುವ ಒಂದು ಗುಂಪು ಕಟ್ಟಿದರು. ಆಗ ಅವರು ಫ್ರಾನ್ಸಿನ ಅತಿ ಪ್ರತಿಷ್ಠಿತ ವಿದ್ಯಾಸಂಸ್ಥೆಯೊಂದರಲ್ಲಿ ಪ್ರಾಧ್ಯಾಪಕರು. ತಾವೇ ವರದಿ ಬರೆದುಬಿಡಬಹುದಿತ್ತು, ಅಲ್ವಾ? ಹಾಗೆ ಮಾಡಲಿಲ್ಲ. ಭೇಟಿಗೆ ಸಾಲು ನಿಂತ ಕೈದಿಗಳ ಮನೆಯವರ ಕೈಗೆ ಪ್ರಶ್ನೆಪಟ್ಟಿ ಕೊಟ್ಟರು. ಊಟ ಹೇಗಿದೆ, ಪತ್ರ ತಲುಪುತ್ತದಾ, ವೈದ್ಯರು ನೋಡುತ್ತಾರಾ, ಒಳಗೆ ಏನು ಶಿಕ್ಷೆ ಕೊಡುತ್ತಾರೆ? ಬಂದ ಉತ್ತರಗಳು ಅದೇ ವರ್ಷ ಪುಸ್ತಿಕೆಯಾದವು. ಅಷ್ಟು ದಿನ ಕೈದಿಯ ಬಗ್ಗೆ ಸೆರೆಮನೆ ಬರೆಯುತ್ತಿತ್ತು. ಈಗ ಸೆರೆಮನೆಯ ಬಗ್ಗೆ ಕೈದಿ ಹೇಳಿದ.

ಆ ವರ್ಷದ ಡಿಸೆಂಬರಿನಲ್ಲಿ ಫ್ರಾನ್ಸಿನ ತೂಲ್ ಊರಿನ ಸೆರೆಮನೆಯಲ್ಲಿ ದಂಗೆ ಎದ್ದಿತು. ಅಲ್ಲಿನ ಮನೋವೈದ್ಯೆ ಎಡಿತ್ ರೋಸ್, ಕೈದಿಗಳನ್ನು ದಿನಗಟ್ಟಲೆ ಮಂಚಕ್ಕೆ ಕಟ್ಟಿಹಾಕುತ್ತಿದ್ದುದನ್ನು ಬಹಿರಂಗವಾಗಿ ಹೇಳಿದರು. ಫುಕೋಗೆ ಇದು ತುಂಬಾ ದೊಡ್ಡ ಸಂಗತಿ. ಕಡತ ಬರೆಯುವ ಜಾಗದಲ್ಲಿ ಇದ್ದವರೇ ತಾವು ಕಂಡದ್ದನ್ನು ಹೊರಗೆ ಇಟ್ಟಿದ್ದರು. ಆ ಅಧಿಕಾರದ ಜಾಲದಿಂದ ಹೊರಗೆ ನಿಂತು ಹೀಗೆ ಹೇಳಲು ಆಗುತ್ತಿರಲಿಲ್ಲ. ಅದು ಎಲ್ಲ ಕಡೆ ಹಬ್ಬಿರುವುದರಿಂದಲೇ ಅದನ್ನು ತಡೆಯಬಲ್ಲ ಜನರೂ ಎಲ್ಲ ಕಡೆ ಇರುತ್ತಾರೆ: ವೈದ್ಯರು, ಗುಮಾಸ್ತರು, ಸಾಲಲ್ಲಿ ನಿಂತ ಅಮ್ಮಂದಿರು.

ಆ ಗುಂಪು 1972ರ ಕೊನೆಯಲ್ಲಿ ತನ್ನನ್ನು ತಾನೇ ಮುಚ್ಚಿಕೊಂಡಿತು. ಅಷ್ಟರಲ್ಲಿ ಮಾಜಿ ಕೈದಿಗಳು ತಮ್ಮದೇ ಸಮಿತಿ ಕಟ್ಟಿಕೊಂಡು ತಾವೇ ಮಾತಾಡಲು ಶುರುಮಾಡಿದ್ದರು.