ಸೀಗಡಿಯೆಂದು ಹೆಸರಾದ ಅನೊಮಲೊಕ್ಯಾರಿಸ್

ಪ್ರಶ್ನೆ: ಸುಮಾರು 50 ಕೋಟಿ ವರ್ಷಗಳ ಹಿಂದಿನ ಕೇಂಬ್ರಿಯನ್ ಯುಗದ ಕಡಲಿನ ಬೇಟೆಗಾರ ಅನೊಮಲೊಕ್ಯಾರಿಸ್‌ನ ಪಳೆಯುಳಿಕೆಗಳನ್ನು ಬಹುಕಾಲ ಸೀಗಡಿಯೆಂದೇ ತಿಳಿಯಲಾಗಿತ್ತಂತೆ. ಇಂತಹ ತಪ್ಪು ಹೇಗಾಯಿತು? ಈಗಿನ ಚಿತ್ರಗಳನ್ನಾದರೂ ನಂಬಬಹುದೇ?

ಉತ್ತರ: ತಪ್ಪಿನ ಮೂಲ ಆ ಜೀವಿಯ ದೇಹರಚನೆಯಲ್ಲಿಯೇ ಇದೆ. ಅದೇ ಕಾಲದ ಕಡಲಜೀವಿಗಳಾದ ಟ್ರೈಲೊಬೈಟ್‌ಗಳ ಬೆನ್ನಿಗೆ ಕ್ಯಾಲ್ಸೈಟ್ ಎಂಬ ಖನಿಜದ ಗಟ್ಟಿ ಚಿಪ್ಪಿದ್ದುದರಿಂದ ಅವು ಹೇರಳವಾಗಿ ಕಲ್ಲಿನಲ್ಲಿ ಉಳಿದಿವೆ. ಏಡಿ, ಕೀಟಗಳಂತಹ ಸಂಧಿಪದಿಗಳ ವಂಶದ ಬುಡದಲ್ಲಿಯೇ ಕವಲೊಡೆದ ಅನೊಮಲೊಕ್ಯಾರಿಸ್‌ಗೆ ಅಂತಹ ಖನಿಜದ ಕವಚವಿರಲಿಲ್ಲ. ಅದು ಸತ್ತ ಬಳಿಕ ಮೆತ್ತನೆಯ ಮುಂಡ ಬೇಗನೆ ಕೊಳೆತುಹೋಗುತ್ತಿತ್ತು. ಬೇಟೆಯನ್ನು ಹಿಡಿಯಲೆಂದು ತಲೆಯ ಮುಂದಿದ್ದ ಎರಡು ಉಪಾಂಗಗಳು ಮತ್ತು ಬಾಯಿಯ ಸುತ್ತಲಿನ ಫಲಕಗಳಂತಹ ತುಸು ಗಡುಸಾದ ಭಾಗಗಳು ಮಾತ್ರ ಬಿಡಿಬಿಡಿಯಾಗಿ ಕೆಸರಿನಲ್ಲಿ ಹುದುಗಿ ಉಳಿಯುತ್ತಿದ್ದವು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿರುವ ಸ್ಟೀಫನ್ ಪರ್ವತದಲ್ಲಿ ದೊರೆತ ಇಂತಹ ಉಪಾಂಗಗಳನ್ನು ಪಳೆಯುಳಿಕೆ ತಜ್ಞ ಜೋಸೆಫ್ ವೈಟೀವ್ಸ್ 1892ರಲ್ಲಿ ವರ್ಣಿಸಿದರು. ಗೆಣ್ಣುಗೆಣ್ಣಾಗಿ ಬಾಗಿದ, ಒಳಬದಿಯಲ್ಲಿ ಮುಳ್ಳುಗಳ ಸಾಲಿರುವ ಆ ತುಂಡು ತಲೆಯಿಲ್ಲದ ಸೀಗಡಿಯ ಒಡಲಿನಂತೆಯೇ ಕಾಣುವುದರಿಂದ, ಅವರು ಅದಕ್ಕೆ ‘ವಿಲಕ್ಷಣ ಸೀಗಡಿ’ ಎಂಬ ಅರ್ಥದ ಹೆಸರಿಟ್ಟರು. ನನ್ನ ದೃಷ್ಟಿಯಲ್ಲಿ ಇದು ಅಜಾಗರೂಕತೆಯಲ್ಲ. ಕೈಯಲ್ಲಿದ್ದ ಸಾಕ್ಷ್ಯ ಅಷ್ಟನ್ನೇ ಹೇಳುತ್ತಿತ್ತು. ಇದರ ಹತ್ತಿರದ ಬಂಧುವಾದ ಪೇಟೋಯಾದ ದುಂಡನೆಯ ಬಾಯಿಯನ್ನು ಚಾರ್ಲ್ಸ್ ವಾಲ್ಕಾಟ್ 1911ರಲ್ಲಿ ಜೆಲ್ಲಿಮೀನೆಂದು ವರ್ಣಿಸಿದ್ದರು. ಸುಮಾರು 50 ಕೋಟಿ ವರ್ಷ ಹಳೆಯ ಬರ್ಜೆಸ್ ಶೇಲ್ ಎಂಬ ಕೆನಡಾದ ಶಿಲಾಸ್ತರದ ಕಲ್ಲನ್ನು ಕೆತ್ತಿ ಬಿಡಿಸುವಾಗ ಇಂತಹ ಬಾಯಿಯೂ ಉಪಾಂಗಗಳೂ ಒಂದೇ ದೇಹಕ್ಕೆ ಅಂಟಿಕೊಂಡಿರುವುದು ಹ್ಯಾರಿ ವಿಟಿಂಗ್ಟನ್ ಅವರಿಗೆ ಕಂಡಿತು. ಅವರೂ ಡೆರೆಕ್ ಬ್ರಿಗ್ಸ್ ಅವರೂ 1985ರಲ್ಲಿ ಅದನ್ನು ಪ್ರಕಟಿಸಿದ ಮೇಲೆಯೇ ಒಗಟು ಬಿಡಿಸಿದಂತಾಯಿತು.

ಇನ್ನು ಈಗಿನ ಚಿತ್ರಗಳ ಮಾತು. ಪಕ್ಕಗಳಲ್ಲಿ ಈಜುವ ರೆಕ್ಕೆಗಳು, ಹಿಂಬದಿಯಲ್ಲಿ ಬೀಸಣಿಗೆಯಂತಹ ಬಾಲ, ತೊಟ್ಟಿನ ಮೇಲೆ ನಿಂತ ಕಣ್ಣುಗಳು, ಇವೆಲ್ಲವನ್ನೂ ಇಡೀ ದೇಹದ ಪಳೆಯುಳಿಕೆಗಳು ದೃಢಪಡಿಸಿವೆ. ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ದೊರೆತು 2011ರಲ್ಲಿ ವರದಿಯಾದ ಕಣ್ಣುಗಳಲ್ಲಿ ಒಂದೊಂದರಲ್ಲೂ ಕನಿಷ್ಠ 16,000 ಮಸೂರಗಳಿದ್ದವೆಂದು ಅಂದಾಜಿಸಲಾಗಿದೆ. ಅಷ್ಟು ಪ್ರಾಚೀನ ಜೀವಿಗೆ ಇಷ್ಟು ತೀಕ್ಷ್ಣವಾದ ನೋಟವಿತ್ತೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆದರೆ ಅದು ಟ್ರೈಲೊಬೈಟ್‌ನ ಚಿಪ್ಪನ್ನು ಕಡಿದು ಪುಡಿಮಾಡುವಂತೆ ಬಿಡಿಸಿದ ಚಿತ್ರಗಳನ್ನು ಸಂದೇಹದಿಂದಲೇ ನೋಡಬೇಕು. ಉಪಾಂಗಗಳ ಬಲವನ್ನು ಕಂಪ್ಯೂಟರ್ ಮಾದರಿಗಳಲ್ಲಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಟ್ಟಿ ಚಿಪ್ಪಿನ ಬೇಟೆಯನ್ನು ಹಿಡಿಯಹೋದರೆ ಅವುಗಳಿಗೇ ಪೆಟ್ಟಾಗುವ ಸಂಭವವಿತ್ತು. ತಿಳಿನೀರಿನಲ್ಲಿ ವೇಗವಾಗಿ ಈಜುತ್ತ ಮೆತ್ತನೆಯ ಜೀವಿಗಳನ್ನು ಹಿಡಿಯುವುದಕ್ಕೆ ಅವು ಹೆಚ್ಚು ಹೊಂದುತ್ತಿದ್ದವು.